ಮೊಬೈಲ್ ಹಿಡಿದರೆ ಅಲುಗಲ್ಲ, ಪುಸ್ತಕ ಹಿಡಿದರೆ ಕೂರಲ್ಲ

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ನೋಟ್ಸ್ ಅರ್ಧಕ್ಕೇ ಬಿಡ್ತಾನೆ, ದಿನಾ ಪೆನ್ಸಿಲ್ ಕಳೀತಾನೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರಬಹುದು, ತೋರಿಸಿ ಅಂತಾರೆ ಮೇಷ್ಟ್ರು. ಆದರೆ ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲುಗಲ್ಲ. ಹಾಗಿದ್ದಮೇಲೆ ಮೆದುಳಲ್ಲಿ ತೊಂದರೆ ಹೇಗೆ? ಸ್ಕ್ಯಾನ್ ಮಾಡಿಸಬೇಕಾ?
– ಒಬ್ಬ ತಾಯಿ, ಚಿಂತಾಮಣಿ

ಉತ್ತರ: ಮೊಬೈಲ್ ಮುಂದೆ ಕೂರುತ್ತಾನೆ ಅಂದಮಾತ್ರಕ್ಕೆ ಎಡಿಎಚ್‌ಡಿ ಇಲ್ಲ ಅನ್ನಲಾಗದು. ಗೇಮಿನಲ್ಲಿ ಕ್ಷಣಕ್ಷಣಕ್ಕೂ ಪಾಯಿಂಟ್ ಸಿಗುತ್ತದೆ. ಮಗ್ಗಿ ಕಲಿತರೆ ಫಲ ಸಿಗುವುದು ಪರೀಕ್ಷೆಯ ಹೊತ್ತಿಗೆ. ದೂರದ ಫಲಕ್ಕಾಗಿ ಈಗಿನ ಆಸೆಯನ್ನು ತಡೆಹಿಡಿಯುವುದು ಹಣೆಯ ಹಿಂದಿರುವ ಮುಂಮೆದುಳಿನ ಕೆಲಸ. ಅದು ಮೆದುಳಿನ ಒಳಗಿನ ಸ್ಟ್ರಯಾಟಮ್, ಹಿಂಬದಿಯ ಕಿರುಮೆದುಳುಗಳ ಜೊತೆ ಸೇರಿ ಕೆಲಸ ಮಾಡುತ್ತದೆ. ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಈ ಜಾಲವನ್ನು ಹದದಲ್ಲಿಡುತ್ತವೆ. ಎಡಿಎಚ್‌ಡಿಯಲ್ಲಿ ಆ ಹದ ತಪ್ಪಿರುತ್ತದೆ. ಹೀಗಾಗಿ ಬೇಸರದ ಕೆಲಸದಲ್ಲಿ ಗಮನ ಜಾರುತ್ತದೆ. ಸೋಮಾರಿ ಎಂದು ಬೈದು ಪ್ರಯೋಜನವಿಲ್ಲ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೆದುಳಿನ ಹೊರಪದರದ ಅರ್ಧದಷ್ಟು ಜಾಗ ಪೂರ್ತಿ ದಪ್ಪಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹತ್ತೂವರೆಗೆ. ಮುಂಮೆದುಳಿನಲ್ಲೇ ಈ ತಡ ಹೆಚ್ಚು. ಕೈಕಾಲು ಆಡಿಸುವ ಭಾಗವಂತೂ ತುಸು ಬೇಗನೇ ಬಲಿತಿತ್ತು! ಯಾವ ಭಾಗ ಮೊದಲು, ಯಾವುದು ಆಮೇಲೆ ಎಂಬ ಬೆಳವಣಿಗೆಯ ಕ್ರಮ ಮಾತ್ರ ಉಳಿದ ಮಕ್ಕಳದ್ದೇ.

ಸ್ಕ್ಯಾನ್ ಬೇಡ. ಇವೆಲ್ಲ ನೂರಾರು ಮಕ್ಕಳ ಸರಾಸರಿಯಲ್ಲಿ ಕಾಣುವ ಸಣ್ಣ ವ್ಯತ್ಯಾಸಗಳು. ಒಬ್ಬ ಹುಡುಗನ ಎಂಆರ್‌ಐ ನೋಡಿ ಹೌದು, ಅಲ್ಲ ಎನ್ನಲು ಬರುವುದಿಲ್ಲ. ವೈದ್ಯರು ನೋಡುವುದು ಬೇರೆ: ಲಕ್ಷಣಗಳು 12 ವರ್ಷಕ್ಕೆ ಮುಂಚೆ ಶುರುವಾಗಿವೆಯೇ, ಆರು ತಿಂಗಳಿಂದ ಇವೆಯೇ, ಮನೆ ಶಾಲೆ ಎರಡೂ ಕಡೆ ತೊಂದರೆ ಕೊಡುತ್ತಿವೆಯೇ. ಅದಕ್ಕೇ ಮೇಷ್ಟ್ರ ಬಳಿ ಒಂದು ಪುಟ ಬರೆಸಿಕೊಂಡು ಹೋಗಿ. ಕಣ್ಣು, ಕಿವಿ, ನಿದ್ದೆ, ಕಲಿಕೆಯ ತೊಂದರೆಗಳನ್ನೂ ಪರೀಕ್ಷಿಸಲು ಕೇಳಿ. ಆಸ್ಪತ್ರೆಯ ಮನೋವೈದ್ಯರು ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ತೋರಿಸಬಹುದು. ಮೊದಲು ಮಾತಾಡಿ ನೋಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಉಚಿತ.

ಅಲ್ಲಿಯವರೆಗೆ ಮನೆಯಲ್ಲಿ ಹೋಂವರ್ಕನ್ನು ಹತ್ತು ಹದಿನೈದು ನಿಮಿಷದ ತುಂಡು ಮಾಡಿ, ನಡುವೆ ಅಂಗಳದಲ್ಲಿ ಓಡಿಬರಲಿ. ‘ಬ್ಯಾಗ್ ತೆಗೆದಿಡು, ಕೈ ತೊಳಿ, ಊಟಕ್ಕೆ ಬಾ’ ಎಂದು ಮೂರನ್ನೂ ಒಟ್ಟಿಗೆ ಹೇಳಬೇಡಿ. ಒಂದು ಮುಗಿದಮೇಲೆ ಇನ್ನೊಂದು. ಮುಗಿಸಿದ ಕ್ಷಣವೇ ಶಹಬ್ಬಾಸ್ ಅನ್ನಿ, ಭಾನುವಾರಕ್ಕೆ ಕಾಯಿಸಬೇಡಿ.

ಮಿಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ ಹೆದರಬೇಕಿಲ್ಲ. ಅದು ನರಕೋಶಗಳ ನಡುವೆ ಡೋಪಮೈನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಶುರುಮಾಡುವ ಮೊದಲು ತೂಕ, ಎತ್ತರ, ನಾಡಿಬಡಿತ, ಬಿಪಿ ಬರೆಸಿಡಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ಹೃದಯದ ಕಾಯಿಲೆ ಬಂದಿದ್ದರೆ ತಪ್ಪದೆ ಹೇಳಿ. ಮಧ್ಯಾಹ್ನ ಹಸಿವು ಕಟ್ಟುವುದು ಸಾಮಾನ್ಯ, ಆದ್ದರಿಂದ ಮಾತ್ರೆಗೆ ಮುಂಚೆ ಹೊಟ್ಟೆತುಂಬ ತಿಂಡಿ ಕೊಡಿ, ರಾತ್ರಿ ಹಸಿವು ಮರಳಿದಾಗ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ. ಸಂಜೆಯ ಹೊತ್ತು ಕೊಟ್ಟರೆ ನಿದ್ದೆ ಕೆಡುತ್ತದೆ. ತೂಕ ಇಳಿಯುತ್ತಲೇ ಹೋದರೆ, ಎದೆನೋವು ಅಥವಾ ತಲೆಸುತ್ತು ಎಂದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ.