ಮಗನನ್ನು ಅಲ್ಲಿ ಬಿಡುವ ಮೊದಲು

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಹೊಸನಗರದವಳು ಅಂದರೆ ನಮ್ಮ ತೀರ್ಥಹಳ್ಳಿಗೆ ಪಕ್ಕದವಳೇ ಅಲ್ವಾ.

ನಿಮ್ಮ ಯಜಮಾನರಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದೆ, ಹದಿನೈದರ ಮಗ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದಾನೆ. ಇಲ್ಲಿ ಮಕ್ಕಳನ್ನು ತಿಂಗಳುಗಟ್ಟಲೆ ಒಳಗಿಟ್ಟು ಚಿಕಿತ್ಸೆ ಕೊಡುವ ಕೇಂದ್ರಗಳ ಬಗ್ಗೆ ಸರ್ಕಾರದ ವರದಿ ಓದಿ ನಿನಗೆ ನಿದ್ದೆ ಹತ್ತುತ್ತಿಲ್ಲ. ಇದೆಲ್ಲ ನಿಜವಾ, ಹುಡುಗನನ್ನು ಕರೆದುಕೊಂಡು ಬರಬಹುದಾ ಅಂತ ಕೇಳಿದ್ದೀಯ.

ಬಾ. ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಶಾಲೆಗೆ ಸೇರಿಸುವುದು ಕಷ್ಟವಿಲ್ಲ, ಲಸಿಕೆ ಹಾಕಿಸಿದ ದಾಖಲೆ ತಾ. ವಿಮೆ ಯಜಮಾನರ ಕಂಪನಿಯದ್ದು ಇರುತ್ತದೆ. ಮೆಡಿಕೈಡ್ ಅನ್ನುವುದು ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ವಿಮೆ, ನಿಮಗೆ ಅದು ಸಿಗುವುದು ಅನುಮಾನ. ಚಳಿಗೆ ಹೆದರಬೇಡ, ಜಾಕೆಟ್ ಇಲ್ಲೇ ಕೊಂಡುಕೋ. ಕಷ್ಟ ಕೊಡುವುದು ಕತ್ತಲೆ. ಉತ್ತರದ ರಾಜ್ಯಗಳಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ರಾತ್ರಿ ಆದ ಹಾಗೆ. ಮಗನಿಗೆ ಅದನ್ನು ಮೊದಲೇ ಹೇಳಿಡು.

ವರದಿ ನಿಜ. 2024ರ ಜೂನ್‌ನಲ್ಲಿ ಇಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್‌ನ ಹಣಕಾಸು ಸಮಿತಿ ಅದನ್ನು ಹೊರಗೆ ತಂದಿತು. ಹಣಕಾಸು ಸಮಿತಿಗೆ ಇಲ್ಲೇನು ಕೆಲಸ ಅಂತೀಯಾ? ಈ ಕೇಂದ್ರಗಳಿಗೆ ಮೆಡಿಕೈಡ್ ದುಡ್ಡು ಹೋಗುತ್ತದೆ, ಅಂದರೆ ಜನರ ತೆರಿಗೆ. ಸಮಿತಿ ನಾಲ್ಕು ದೊಡ್ಡ ಸಂಸ್ಥೆಗಳನ್ನು ಜಾಲಾಡಿತು. ಹಾಸಿಗೆ ತುಂಬಿಸುವುದು, ಸಿಬ್ಬಂದಿ ಕಡಿಮೆ ಇಡುವುದು, ಲಾಭ ಹೆಚ್ಚಿಸುವುದು: ಮಕ್ಕಳಿಗೆ ಆಗುವ ಹಿಂಸೆಗೆ ಈ ವ್ಯವಹಾರವೇ ಕಾರಣ ಅಂತ ಬರೆಯಿತು.

ಇದು ಹೊಸದೂ ಅಲ್ಲ. 2007ರಲ್ಲೇ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ ಇಂಥ ಕೇಂದ್ರಗಳ ಬಗ್ಗೆ ಹೇಳಿತ್ತು. 2005ರ ಒಂದೇ ವರ್ಷದಲ್ಲಿ 1,619 ಸಿಬ್ಬಂದಿ ಹಿಂಸೆಯ ಪ್ರಕರಣಗಳಲ್ಲಿ ಸಿಕ್ಕಿದ್ದರು. ಅದೂ 33 ರಾಜ್ಯಗಳು ಕೊಟ್ಟ ಲೆಕ್ಕ ಮಾತ್ರ. ಇನ್ನುಳಿದ 17 ರಾಜ್ಯಗಳದ್ದು ಅದರಲ್ಲಿ ಇಲ್ಲವೇ ಇಲ್ಲ. ನನಗೆ ಆ 1,619ಕ್ಕಿಂತ ಈ 17 ಜಾಸ್ತಿ ಹೆದರಿಕೆ ಹುಟ್ಟಿಸಿದ್ದು. 2024ರ ಡಿಸೆಂಬರ್‌ನಲ್ಲಿ ಒಂದು ಕಾನೂನು ಬಂತು. ಅದು ಹೇಳುವುದೂ ಹೆಚ್ಚಾಗಿ ಅಧ್ಯಯನ ಮಾಡಿ, ಮಾಹಿತಿ ಸೇರಿಸಿ ಅಂತಲೇ.

ನಾನು ಇಲ್ಲಿಗೆ ಬಂದಾಗ ಆಸ್ಪತ್ರೆ ಅಂದರೆ ನನ್ನ ತಲೆಯಲ್ಲಿದ್ದದ್ದು ಶಿವಮೊಗ್ಗದ ಮೆಗ್ಗಾನ್. ಒಬ್ಬರು ಹಾಸಿಗೆ ಮೇಲೆ, ಇಬ್ಬರು ಕೆಳಗೆ ಚಾಪೆ ಮೇಲೆ, ಫ್ಲಾಸ್ಕಿನಲ್ಲಿ ಗಂಜಿ. ಬೈಸಿಕೊಂಡಾದರೂ ಜೊತೆಗಿರುತ್ತೇವೆ. ಆಮೇಲೆ ನನ್ನ ಮಗ ಹದಿನಾರರಲ್ಲಿ ಅಂಥ ಒಂದು ಕೇಂದ್ರ ಸೇರಬೇಕಾಯಿತು. ಬಾಗಿಲಲ್ಲೇ ನನ್ನನ್ನು ವಾಪಸ್ ಕಳಿಸಿದರು. ವಾರಕ್ಕೆ ಇಷ್ಟೇ ಫೋನು, ಅದೂ ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ. ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಮಾತಾಡಿ ಅಂತಿದ್ದರು.

ಒಂದು ರಾತ್ರಿ ಅವನನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ನನಗೆ ಗೊತ್ತಾದದ್ದು ಅವನು ಮನೆಗೆ ಬಂದ ಮೇಲೆ, ಸ್ನಾನಕ್ಕೆ ನೀರು ಬಿಡುವಾಗ. ಮೆಡಿಕೈಡ್ ದುಡ್ಡು ಪಡೆಯುವ ಇಂಥ ಕೇಂದ್ರ ಮಗುವನ್ನು ಹಾಗೆ ಹಿಡಿದರೆ, ಒಂಟಿ ಕೋಣೆಗೆ ಹಾಕಿದರೆ, ಹೆತ್ತವರಿಗೆ ಆದಷ್ಟು ಬೇಗ ತಿಳಿಸಬೇಕು ಅಂತ ನಿಯಮವೇ ಇದೆ. ಸಾವು, ದೊಡ್ಡ ಗಾಯ, ಆತ್ಮಹತ್ಯೆ ಪ್ರಯತ್ನ ಆದರೆ ರಾಜ್ಯಕ್ಕೂ ಬರೆದು ಕೊಡಬೇಕು. ಆದರೆ ಬರೆಯುವವರು ಯಾರು ಹೇಳು? ಅವರೇ. ನಮಗೆ ಸಿಕ್ಕ ಕಾಗದದಲ್ಲಿ ಆ ರಾತ್ರಿ ಹುಡುಗ ಚೆನ್ನಾಗಿ ಮಲಗಿದ ಅಂತಿತ್ತು. ಅಂದಿನಿಂದ ದೂರೇ ಇಲ್ಲದ ಕೇಂದ್ರ ಅಂದರೆ ನನಗೆ ನಂಬಿಕೆ ಬರಲ್ಲ.

ಹಾಗಂತ ಎಲ್ಲರೂ ಕೆಟ್ಟವರಲ್ಲ. ಅವನನ್ನು ದಡ ಮುಟ್ಟಿಸಿದ್ದೂ ಇಲ್ಲಿನ ಒಬ್ಬ ಡಾಕ್ಟರೇ, ಮನೆಯಿಂದ ಹೋಗಿ ಬರುವ ಚಿಕಿತ್ಸೆಯಲ್ಲಿ. ನೀನೂ ಮೊದಲು ಅದನ್ನೇ ಕೇಳು. ಒಳಗೆ ಸೇರಿಸಲೇಬೇಕು ಅಂದರೆ ಕೇಳಬೇಕಾದ್ದು ಇದು: ರಾತ್ರಿ ಪಾಳಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಜನ? ಹೇಳದೆ ಬಂದರೆ ಒಳಗೆ ಬಿಡುತ್ತೀರಾ? ಹೋದ ವರ್ಷ ಎಷ್ಟು ಸಲ ಮಕ್ಕಳನ್ನು ಹಿಡಿದು ಕಟ್ಟಿಹಾಕಿದಿರಿ? ಉತ್ತರಕ್ಕೆ ತಡವರಿಸಿದರೆ ಎದ್ದು ಬಾ. ಸಂಕೋಚ ಬೇಡ. ದೊಡ್ಡವರ ಎದುರು ಸುಮ್ನೆ ಇರಬೇಕು ಅಂತ ನಮ್ಮನ್ನು ಬೆಳೆಸಿದ್ದಾರಲ್ಲ, ಅದು ಇಲ್ಲಿ ಕೆಲಸಕ್ಕೆ ಬರಲ್ಲ.

ಊರಿನದ್ದನ್ನು ಕಡಿಮೆ ಅಂದುಕೊಳ್ಳಬೇಡ. ನಮ್ಮ ಭಾರತದ 2017ರ ಮಾನಸಿಕ ಆರೋಗ್ಯ ಕಾನೂನಿನಲ್ಲಿ ಹದಿನೆಂಟರೊಳಗಿನ ಮಗುವನ್ನು ಸೇರಿಸಿಕೊಂಡರೆ ಮನೆಯವರು ಅಥವಾ ಅವರು ನೇಮಿಸಿದವರು ಜೊತೆಗೇ ಇರಬೇಕು, 72 ಗಂಟೆಯೊಳಗೆ ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಂಡಳಿಗೆ ತಿಳಿಸಬೇಕು ಅಂತಿದೆ. ಹಾಗಂತ ಹೊಗಳಿ ಕೂರುವುದೂ ಬೇಡ. ಗಾಳಿ ಸೋಕಿದೆ ಅಂತ ವರ್ಷ ಕಳೆಯುವ ಮನೆಗಳು ನಿನಗೂ ಗೊತ್ತು.

ಈಗ ಮಾಡಬೇಕಾದ್ದು: ಡಾಕ್ಟರ ಹತ್ತಿರ ಮಾತ್ರೆಯ ಮೂಲ ಹೆಸರು, ಪ್ರಮಾಣ, ಎಂದಿನಿಂದ ಅಂತ ಟೈಪ್ ಮಾಡಿಸಿಕೋ. ಕೈಬರಹ ಇಲ್ಲಿ ಯಾರೂ ಓದಲ್ಲ. ಬಂದ ದಿನವೇ ಮಗನ ಫೋನಿನಲ್ಲಿ 988 ಸಹಾಯವಾಣಿ ಹಾಕಿಕೊಡು, ಮನಸ್ಸು ತೀರಾ ಕೆಟ್ಟಾಗ ಯಾವ ಹೊತ್ತಿಗೂ ಎತ್ತುತ್ತಾರೆ. ಟೆಕ್ಸಾಸಿಗೋ ಒಹಾಯೋಗೋ ಇನ್ನೂ ತೀರ್ಮಾನ ಆಗಿಲ್ಲ ಅಂದೆ. ಆದ ಮೇಲೆ ಬರೆ. ಈ ಕೇಂದ್ರಗಳಿಗೆ ಪರವಾನಗಿ ಕೊಡುವ, ತಪಾಸಣೆ ಮಾಡುವ ಇಲಾಖೆ ಒಂದೊಂದು ರಾಜ್ಯದಲ್ಲಿ ಒಂದೊಂದು. ಅಲ್ಲಿನ ತಪಾಸಣೆ ಕಾಗದ ಎಲ್ಲಿ ಸಿಗುತ್ತದೆ ಅಂತ ಕೂತು ಹುಡುಕೋಣ.