ಅರೋರಾ ಕಾರಿನ ಕುರೂಪದ ಬಗ್ಗೆ

1957ರ ಅರೋರಾವನ್ನು ಜಗತ್ತಿನ ಅತಿ ಕುರೂಪಿ ಕಾರು ಎನ್ನುವುದು ನ್ಯಾಯವೇ ಎಂದು ಕೇಳಿದ್ದೀರಿ. ನೋಟದ ಮಟ್ಟಿಗೆ ನಾನು ಅದರ ಪರ ವಕಾಲತ್ತು ವಹಿಸಲಾರೆ. ಆದರೆ ಆ ವಿಕಾರಕ್ಕೊಂದು ಕಾರಣವಿತ್ತು ಎಂಬುದನ್ನು ಗೇಲಿ ಮಾಡುವವರು ಮರೆಯುತ್ತಾರೆ. ಅಮೆರಿಕದ ಕನೆಕ್ಟಿಕಟ್‌ನ ಕ್ಯಾಥೊಲಿಕ್ ಪಾದ್ರಿ ಆಲ್ಫ್ರೆಡ್ ಜೂಲಿಯಾನೊ ಹಳೆಯ ಬ್ಯೂಕ್ ಕಾರಿನ ಚಾಸಿಸ್ (ಅಡಿಯ ಚೌಕಟ್ಟು) ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿ ಅದನ್ನು ಕಟ್ಟಿದ್ದು ಸುರಕ್ಷತೆಗಾಗಿ. ಮುಂದಿನ ಗಾಜು ಗುಳ್ಳೆಯಂತೆ ಹೊರಕ್ಕೆ ಉಬ್ಬಿರುವುದು, ಡಿಕ್ಕಿಯಾದಾಗ ಒಳಗಿದ್ದವರ ತಲೆ ಅದಕ್ಕೆ ಅಪ್ಪಳಿಸದಿರಲೆಂದು. ಬಾಯ್ದೆರೆದ ಮೀನಿನಂಥ ಆ ಮೂತಿ, ಅಡ್ಡ ಬಂದ ಪಾದಚಾರಿ ಚಕ್ರದಡಿಗೆ ಬೀಳದಂತೆ ಮೆತ್ತಗೆ ಎತ್ತಿಕೊಳ್ಳಲೆಂದು. ಸೀಟ್ ಬೆಲ್ಟ್ ಅಪರೂಪವಾಗಿದ್ದ ಆ ದಿನಗಳಲ್ಲಿ ಇದರಲ್ಲಿ ಅದೂ ಇತ್ತು. ನ್ಯೂಯಾರ್ಕಿನ ಅನಾವರಣಕ್ಕೆ ಹೊರಟ ದಿನವೇ ದಾರಿಯಲ್ಲಿ ಮತ್ತೆ ಮತ್ತೆ ಕೆಟ್ಟು ನಿಂತು ಗಂಟೆಗಟ್ಟಲೆ ತಡವಾಗಿ ತಲುಪಿದ್ದು (ಪಾಪ, ಪಾದ್ರಿಯ ಪ್ರಾರ್ಥನೆಯೂ ಫಲಿಸಲಿಲ್ಲ) ಅದರ ಹೆಸರನ್ನು ಇನ್ನಷ್ಟು ಕೆಡಿಸಿತು. ಸುಮಾರು 12,000 ಡಾಲರ್ ಬೆಲೆಯ ಆ ಕಾರಿಗೆ ಒಬ್ಬ ಗಿರಾಕಿಯೂ ಸಿಗಲಿಲ್ಲ.

ಅರೋರಾವನ್ನು ಗೇಲಿ ಮಾಡುವ ಅದೇ ಜನ 1955ರ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನ ಕಾರನ್ನು, 1966ರಲ್ಲಿ ಅದು ಟಿ.ವಿ.ಯ ಬ್ಯಾಟ್‌ಮ್ಯಾನ್‌ನ ಕಾರು ಬ್ಯಾಟ್‌ಮೊಬೈಲ್ ಆದದ್ದರಿಂದಲೋ ಏನೋ, ಇಂದಿಗೂ ಹೊಗಳುತ್ತಾರೆ. ಅದರ ಹಿಂಬದಿಯ ಚೂಪಾದ, ಬರೀ ಅಂದದ ರೆಕ್ಕೆಗಳಿಂದ ಯಾರ ಜೀವವೂ ಉಳಿಯುತ್ತಿರಲಿಲ್ಲ.