ಕ್ರಷರ್‌ಗೆ ಯಾವ ಕಂಪನಿಯ ಆಯಿಲ್, ಗ್ರೀಸ್ ಒಳ್ಳೆಯದು? ಲೋಡರ್‌ಗೆ ತಂದ 90 ನಂಬರಿನ ಗೇರ್ ಆಯಿಲನ್ನೇ ಕೋನ್‌ಗೂ (ಶಂಕುವಿನ ಆಕಾರದ ಕ್ರಷರ್) ಹಾಕಬಹುದಾ?

ಎರಡನೇ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ಬೇಡ, ಹಾಕಬೇಡಿ. ನಾನು ಪಾಂಡವಪುರದ ಕಡೆ ಒಂದು ಜಲ್ಲಿ ಕ್ರಷರ್‌ನಲ್ಲಿ 11 ವರ್ಷದಿಂದ ಫಿಟ್ಟರ್.

ದಪ್ಪದ ಲೆಕ್ಕದಲ್ಲಿ 90 ಆಯಿಲೂ ಕೋನ್‌ಗೆ ಹಾಕುವ 220 ನಂಬರಿನ ಇಂಡಸ್ಟ್ರಿಯಲ್ ಆಯಿಲೂ ಹೆಚ್ಚುಕಮ್ಮಿ ಒಂದೇ. ಎಲ್ಲರೂ ಮೋಸ ಹೋಗುವುದು ಅಲ್ಲೇ. ಲೋಡರ್ ಆಕ್ಸಲ್‌ಗೆ ಸಾಮಾನ್ಯವಾಗಿ ತರುವುದು ಜಿಎಲ್-5 ದರ್ಜೆಯ ಗೇರ್ ಆಯಿಲ್. ಅದರಲ್ಲಿ ಗಂಧಕ ಸೇರಿದ ಮದ್ದು ಜಾಸ್ತಿ. ಉಕ್ಕಿನ ಗೇರ್ ಹಲ್ಲಿಗೆ ಅದು ಸರಿ. ಆದರೆ ಕೋನ್ ಒಳಗೆ ಇರುವುದು ಕಂಚಿನ ಬುಶ್, ಅಂದರೆ ಶಾಫ್ಟ್ ತಿರುಗುವ ಬಳೆ, ಅಲ್ವಾ? ಆಯಿಲ್ ಬಿಸಿಯಾದಂತೆ ಆ ಗಂಧಕ ಕಂಚನ್ನು ತಿನ್ನಬಹುದು. ಫಿಲ್ಟರ್ ಬಿಚ್ಚಿದಾಗ ಹಳದಿ ಮಿನುಗು ಕಂಡರೆ ಬುಶ್ ಸವೆಯುತ್ತಿದೆ ಅಂತಲೇ ತಿಳಿಯಿರಿ. ಕೋನ್ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ 150 ಅಥವಾ 220 ಇಂಡಸ್ಟ್ರಿಯಲ್ ಆಯಿಲ್ ಅಂತ ಇರುತ್ತದೆ. ಅದನ್ನೇ ತನ್ನಿ. ಬೇಸಿಗೆಯ ಬಿಸಿಲಿಗೆ ಹೆದರಿ ಸುಮ್ನೆ ದಪ್ಪದ್ದು ಸುರಿಯಬೇಡಿ. ಡಿಸೆಂಬರ್ ಬೆಳಗ್ಗೆ ಅದು ಜೇನುತುಪ್ಪದ ಹಾಗೆ ನಿಂತುಬಿಡುತ್ತದೆ, ಪಂಪ್ ಒದ್ದಾಡುತ್ತದೆ.

ಇನ್ನು ಜಾ, ಅಂದರೆ ದವಡೆ ಥರ ಕಲ್ಲು ಅಗಿಯುವ ಕ್ರಷರ್. ಅದಕ್ಕೆ ಬೇಕಿರುವುದು ಗ್ರೀಸ್. ಡಬ್ಬಿ ಮೇಲಿನ 'ನಂಬರ್ 2' ಗ್ರೀಸ್ ಎಷ್ಟು ಗಟ್ಟಿ ಅಂತ ಮಾತ್ರ ಹೇಳುತ್ತದೆ. ಒಳಗಿನ ಆಯಿಲ್ ಎಷ್ಟು ದಪ್ಪ ಅನ್ನುವುದು ಬೇರೆ ವಿಷಯ, ಅದನ್ನು ಅಂಗಡಿಯವರು ಹೇಳುವುದೇ ಇಲ್ಲ, ನೀವೇ ಕೇಳಬೇಕು. ಜಾ ಶಾಫ್ಟ್ ನಿಮಿಷಕ್ಕೆ 250–300 ಸುತ್ತು ತಿರುಗುತ್ತದೆ ಅಷ್ಟೆ, ಆದರೆ ಏಟು ಭಾರಿ. ಹಾಗಾಗಿ ಭಾರಿ ಒತ್ತಡ ತಡೆಯುವ ಇಪಿ ಗ್ರೀಸ್ ಬೇಕು, ಒಳಗಿನ ಆಯಿಲ್‌ನ ದಪ್ಪ 40 ಡಿಗ್ರಿಯಲ್ಲಿ 220 ಸೆಂಟಿಸ್ಟೋಕ್ ಆಸುಪಾಸು ಇರಲಿ. ನಾವು ಹಾಕುವುದು ಲಿಥಿಯಂ ಕಾಂಪ್ಲೆಕ್ಸ್ ಜಾತಿಯ ಗ್ರೀಸ್.

ಎರಡು ಜಾತಿಯ ಗ್ರೀಸ್ ಮಾತ್ರ ಬೆರೆಸಬೇಡಿ. ಒಮ್ಮೆ ನಮ್ಮಲ್ಲಿ ಸ್ಟಾಕ್ ಮುಗಿದಿತ್ತು. ಹೆಲ್ಪರ್ ಹುಡುಗ ಮೂಲೆಯಲ್ಲಿದ್ದ ಹಳೇ ಬೆಂಟೋನ್ ಗ್ರೀಸ್ (ಜೇಡಿಮಣ್ಣಿನಿಂದ ಗಟ್ಟಿ ಮಾಡಿದ್ದು) ಹೊಡೆದುಬಿಟ್ಟ. ಸಂಜೆ ಹೊತ್ತಿಗೆ ಸೀಲ್ ಸಂದಿಯಿಂದ ರಾಗಿ ಅಂಬಲಿ ಥರ ಸುರಿಯತೊಡಗಿತು. ಯಾರೂ ಗಮನಿಸಲಿಲ್ಲ. ಮಾರನೇ ದಿನ ಬಿಚ್ಚಿದರೆ ಬೇರಿಂಗ್ ರೋಲರ್‌ಗಳು ಬಿಸಿಗೆ ನೀಲಿಗಟ್ಟಿದ್ದವು. ಹುಡುಗನನ್ನು ಬೈದು ಏನು ಪ್ರಯೋಜನ? ಡಬ್ಬಿ ಮೇಲೆ ಹೆಸರು ಬರೆಯದವನು ನಾನೇ.

ಕಂಪನಿ ವಿಷಯಕ್ಕೆ ಬಂದರೆ, ದೊಡ್ಡ ಕಂಪನಿಗಳದ್ದು ಯಾವುದಾದರೂ ನಡೆಯುತ್ತದೆ. ಬೇರಿಂಗ್ ಹಾಳಾಗುವುದು ಬ್ರ್ಯಾಂಡ್‌ಗಿಂತ ಜಾಸ್ತಿ ಕಲ್ಲುಪುಡಿಯಿಂದ. ಗ್ರೀಸ್ ಗನ್ ಹಚ್ಚುವ ಮುಂಚೆ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಬಾಯಿ, ಒರೆಸಿ. ಸೀಲ್‌ನಿಂದ ಹೊರಬಂದ ಹಳೇ ಗ್ರೀಸನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಸಕ್ಕರೆ ಥರ ಕರಕರ ಅಂದರೆ ಧೂಳು ಒಳಗೆ ಹೋಗುತ್ತಿದೆ. ಇದನ್ನೆಲ್ಲ ಮಷೀನ್ ನಿಲ್ಲಿಸಿ ಮಾಡಿ.

ನಿಮ್ಮ ಕೋನ್ ಮಾಡೆಲ್ ಯಾವುದು, ಟ್ಯಾಂಕಿಗೆ ವಾಪಸ್ ಬರುವ ರಿಟರ್ನ್ ಆಯಿಲ್ ಎಷ್ಟು ಡಿಗ್ರಿ ತೋರಿಸುತ್ತಿದೆ ಅಂತ ಬರೆಯಿರಿ, 150 ಸಾಕಾ 220 ಬೇಕಾ ಹೇಳುತ್ತೇನೆ.